ಕ್ಯಾಮೆರಾ ಅವನಿಗೆ, ಕತ್ತಲೆಕೋಣೆ ನನಗೆ

ಅಪ್ಪಾ,

ಹೇಗಿದ್ದೀಯ ಎಂದು ಕೇಳುವುದಿಲ್ಲ. ಎದುರಿನ ಗೋಡೆಯ ಮೇಲೆ ಕಣ್ಣು ಮುಚ್ಚಿಕೊಂಡು ಕೂತಿದ್ದೀಯ, ಕಾಣುತ್ತಿದೆ. ಈ ಮನೆಯಲ್ಲಿ ಸುಖವಾಗಿ ನಿದ್ದೆ ಮಾಡುತ್ತಿರುವವನು ನೀನೊಬ್ಬನೇ. ಕೂಸು ಹುಟ್ಟಿದಾಗಿನಿಂದ ನನಗೆ ನಿದ್ದೆ ಎನ್ನುವುದು ಬೇರೆಯವರ ಮನೆಯ ಸಾಮಾನು, ಕೇಳಿ ತಿಳಿದದ್ದಷ್ಟೇ. ಈಗ ಮಧ್ಯಾಹ್ನ. ಕೂಸು ತೊಟ್ಟಿಲಲ್ಲಿದೆ, ಅವ್ವ ಪಕ್ಕದಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದಾಳೆ. ನಿನ್ನ ಅಳಿಯ ವೀರೇಶ ಮುಂದಿನ ಸ್ಟುಡಿಯೋದಲ್ಲಿ ಯಾರದೋ ಮದುವೆಯ ಹಿಂದೆ ಹಿಮದ ಬೆಟ್ಟ ಅಂಟಿಸುತ್ತಿದ್ದಾನೆ. ಕೂಸು ಏಳುವುದರೊಳಗೆ ನಾನು ಇದನ್ನು ಬರೆದು ಮುಗಿಸಬೇಕು. ನಿನ್ನ ಕ್ಯಾಮೆರಾಗಳ ವಿಷಯ.

ಹೋದ ತಿಂಗಳು ಒಂದು ಮುಂಜಾನೆ ಹುಬ್ಬಳ್ಳಿಯಿಂದ ಒಬ್ಬ ಬಂದ. ಕಪ್ಪು ಕನ್ನಡಕವನ್ನು ಕಣ್ಣಿಗೆ ಹಾಕದೆ ತಲೆಯ ಮೇಲೆ ಏರಿಸಿಕೊಂಡಿದ್ದ. ಊಟದ ಹೋಟೆಲು ತೆಗೆಯುತ್ತಾನಂತೆ. ಗೋಡೆಗೆಲ್ಲ ಹಳೆಯ ಸಾಮಾನು ತೂಗುಹಾಕುತ್ತಾನಂತೆ: ರೇಡಿಯೋ, ಕಂದೀಲು, ಬೀಸುವ ಕಲ್ಲು. "ನಮ್ಮ ಹೋಟೆಲ್‌ನ್ಯಾಗ ಎಲ್ಲಾ ಹಳೇದ್ರಿ ಅಕ್ಕಾರ, ಅಡಗಿ ಒಂದು ಬಿಟ್ಟು" ಎಂದು ತಾನೇ ನಕ್ಕ. ನಿನ್ನ ಮರದ ಕ್ಯಾಮೆರಾವನ್ನು ವೀರೇಶ ಹೊರಗೆ ತಂದಿಟ್ಟು, ಮದುಮಗಳ ಮುಸುಕು ಸರಿಸುವಂತೆ ಕಪ್ಪು ಬಟ್ಟೆ ಸರಿಸಿದ. "ಈಗೂ ಫಸ್ಟ್ ಕ್ಲಾಸ್ ಕೆಲಸ ಮಾಡ್ತೈತ್ರಿ" ಎಂದ. ಬಂದವನು ಅದನ್ನು ಬೆರಳಿನಿಂದ ತಟ್ಟಿ ನೋಡಿದ, ಕುಂಬಳಕಾಯಿ ತಟ್ಟಿದ ಹಾಗೆ. "ಮಾಡೂದು ಬ್ಯಾಡ ಬಿಡ್ರಿ. ನಾವೇನು ಫೋಟೋ ತಗೀತೀವೇನು? ಒಂದೀಟು ಮುರದಿದ್ರ ಇನ್ನೂ ಚಲೋ ಇತ್ತು, ನೋಡಿದವ್ರಿಗೆ ಹಳೇದು ಅನ್ನಿಸ್ತಿತ್ತು."

ನೀನು ಇದ್ದಿದ್ದರೆ ಏನು ಮಾಡುತ್ತಿದ್ದೆ? ಆ ಕ್ಯಾಮೆರಾದ ಮುಂದೆ ಚಪ್ಪಲಿ ಬಿಟ್ಟು ನಿಲ್ಲಬೇಕೆಂದು ಹಳ್ಳಿಯವರಿಗೆ ಗದರುತ್ತಿದ್ದವನು ನೀನು. ಈಗ ಅದರ ಪಕ್ಕದಲ್ಲಿ ಯಾರೋ ಗೋಬಿ ಮಂಚೂರಿ ತಿನ್ನುತ್ತಾರೆ. ನನಗೆ ಆ ಮನುಷ್ಯನ ಮೇಲೆ ಎಷ್ಟು ಹೇಸಿಗೆ ಆಯಿತೋ, ನಿಜ ಹೇಳಬೇಕೆಂದರೆ, ನಿನ್ನನ್ನು ನೆನೆದು ಅಷ್ಟೇ ನಗುವೂ ಬಂತು.

ಅವನಿಗೆ ಬಿಡಿಬಿಡಿಯಾಗಿ ಬೇಡವಂತೆ. ಮರದ ಕ್ಯಾಮೆರಾ, ಎರಡು ಕಣ್ಣಿನ ಕ್ಯಾಮೆರಾ, ಬೋಗುಣಿಯಂಥ ಫ್ಲಾಶು, ಕತ್ತಲೆಕೋಣೆಯ ಎನ್‌ಲಾರ್ಜರು, ಟ್ರೇಗಳು, ಕೆಂಪು ಬಲ್ಬು, ಎಲ್ಲ ಸೇರಿ ಒಂದು ಮೂಲೆ ಮಾಡುತ್ತಾನಂತೆ. "ಕೊಟ್ರ ಇಡೀ ಸೆಟ್ ಕೊಡ್ರಿ, ಇಲ್ಲಾಂದ್ರ ಬ್ಯಾಡ್ರಿ." ವೀರೇಶನ ಮುಖ ಅರಳಿತು. ಲಗ್ನದ ದಿನಗಳು ಹತ್ತಿರ ಬಂದಿವೆ, ಇರುವ ಒಂದು ಡಿಜಿಟಲ್ ಕ್ಯಾಮೆರಾ ಸಾಲದು. ಇದನ್ನು ಮಾರಿದರೆ ಇನ್ನೊಂದು ಬರುತ್ತದೆ. ಅವನು ಹೂಂ ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಅವ್ವ ಒಳಗಿನಿಂದಲೇ ಅಂದಳು: "ಕ್ಯಾಮೆರಾ ನಿಂದು, ಹೌದಪ್ಪ. ಕತ್ತಲಿಕೋಣಿ ಸಾಮಾನು ಗಿರಿಜಾಂದು. ಅಕಿ ಹೂಂ ಅನ್ನಬೇಕು."

ನೋಡು, ನೀನು ಮಾಡಿಟ್ಟ ಪಾಲು ಹೇಗೆ ಅಡ್ಡ ಬಂತು. ದವಾಖಾನೆಯ ಮಂಚದ ಮೇಲೆ ನೀನು ವೀರೇಶನ ಕೈ ಹಿಡಿದು ಹೇಳಿದ ಮಾತು ನೆನಪಿದೆಯೇ? "ಕ್ಯಾಮೆರಾ ನಿನಗ, ಕತ್ತಲಿಕೋಣಿ ಗಿರಿಜಿಗೆ." ಎಲ್ಲರೂ ಸೆರಗಿನಲ್ಲಿ ಕಣ್ಣೊರೆಸಿಕೊಂಡರು, ಎಂಥ ನ್ಯಾಯವಂತ ಎಂದರು. ನಾನು ಬಸುರಿ, ಮೂಲೆಯಲ್ಲಿ ನಿಂತು ಕೇಳಿಸಿಕೊಂಡೆ. ನಿನ್ನ ತಂಗಿಯ ಮಗನಿಗೆ ಬೆಳಕು, ಹೊಟ್ಟೆಯಲ್ಲಿ ಹುಟ್ಟಿದ ಮಗಳಿಗೆ ಕತ್ತಲೆ. ಅದೂ ಯಾವ ಕತ್ತಲೆಕೋಣೆ? ಫಿಲ್ಮು ತೊಳೆಯುವುದು ಆಗಲೇ ನಿಂತಿತ್ತು, ಹುಬ್ಬಳ್ಳಿಯಲ್ಲಿ ಪೇಪರು ಸಿಗುವುದೂ ನಿಂತಿತ್ತು. ಸತ್ತ ಎಮ್ಮೆಯನ್ನು ಕಟ್ಟಿದ್ದ ದಾಬು ನನ್ನ ಕೈಗೆ ಕೊಟ್ಟು ಹೋದೆ ನೀನು. ಆದರೂ ಈಗ ಆ ದಾಬು ಇರುವ ಕಾರಣಕ್ಕೆ ನಿನ್ನ ಅಳಿಯ ನನ್ನ ಹಿಂದೆ ಮುಂದೆ ಓಡಾಡುವಂತಾಯಿತು. "ವಿಚಾರ ಮಾಡ್ತೀನಿ" ಎಂದೆ. ಬಂದವನು ತಿಂಗಳು ಬಿಟ್ಟು ಬರುತ್ತೇನೆ ಎಂದು ಹೋದ.

ನಾನು ಪಿಯುಸಿಗೆ ಬಂದ ವರ್ಷ ನೀನು ನನಗೆ ಕಣ್ಣು ತೆಗೆಯುವುದನ್ನು ಕಲಿಸಿದೆ. ಸತ್ತವರನ್ನು ಗೋಡೆಗೆ ಒರಗಿಸಿ ಕೂಡಿಸಿ, ವಿಭೂತಿ ಹಚ್ಚಿ, ಹಾರ ಹಾಕಿ, ಹೊರಡಿಸುವ ಮೊದಲು ನಿನಗೆ ಹೇಳಿ ಕಳಿಸುತ್ತಿದ್ದರು. ಬದುಕಿದ್ದಾಗ ಒಂದು ಫೋಟೋ ತೆಗೆಸಿಕೊಳ್ಳದವರೆಲ್ಲ ಸತ್ತ ಮೇಲೆ ನಿನ್ನ ಮರದ ಕ್ಯಾಮೆರಾದ ಮುಂದೆ ಕೂರುತ್ತಿದ್ದರು. ಅಲುಗಾಡುವುದಿಲ್ಲ, ನಗುವುದಿಲ್ಲ, ಇನ್ನೊಂದು ತೆಗೀರಿ ಎನ್ನುವುದಿಲ್ಲ. ನಿನ್ನ ಮಾತು ಕೇಳುವ ಗಿರಾಕಿಗಳೆಂದರೆ ಅವರೇ. ಮನೆಯವರಿಗೆ ಮಾತ್ರ ಮುಚ್ಚಿದ ಕಣ್ಣಿನ ಫೋಟೋ ಬೇಡ. ಗೋಡೆಯ ಮೇಲೆ ಅವ್ವನೋ ಅಪ್ಪನೋ ಕಣ್ಣು ಬಿಟ್ಟುಕೊಂಡು ಕೂತಿರಬೇಕು. ಆ ತೆರೆದ ಕಣ್ಣನ್ನು ನೆಗೆಟಿವ್‌ನ ಮೇಲೆ ಬರೆಯಬೇಕು, ಅದೇ ಕಣ್ಣು ತೆಗೆಯುವುದು. ಅಲ್ಲಿ ಎಲ್ಲವೂ ತಿರುವುಮುರುವು. ಕಣ್ಣಿನ ಬಿಳಿಗೆ ಕಪ್ಪು ಪೆನ್ಸಿಲ್, ಗುಡ್ಡೆಯ ಕಪ್ಪಿಗೆ ಚಾಕುವಿನ ತುದಿಯಿಂದ ಕೆರೆತ. ಉಸಿರು ಬಿಗಿ ಹಿಡಿದು ಮಾಡಬೇಕು. ನಿನ್ನ ಕೈ ನಡುಗಲು ಶುರುವಾಗಿತ್ತು, ಅದಕ್ಕೆ ನನಗೆ ಕಲಿಸಿದೆ. ಇಲ್ಲದಿದ್ದರೆ ಕಲಿಸುತ್ತಿದ್ದೆಯಾ?

ಒಂದು ಮಾತು ಒಪ್ಪಿಕೊಳ್ಳುತ್ತೇನೆ, ಅದರಲ್ಲಿ ನಿನ್ನ ಪದ್ಧತಿ ಚಲೋ ಇತ್ತು. ಬೇರೆ ಸ್ಟುಡಿಯೋದವರು ಎಲ್ಲರಿಗೂ ಒಂದೇ ಜೋಡಿ ಕಣ್ಣು ಬರೆಯುತ್ತಿದ್ದರು, ಗೌರಿಯ ಮೂರ್ತಿಗೆ ಬರೆದ ಹಾಗೆ. ನೀನು ಕೇಳುತ್ತಿದ್ದೆ: "ಮಕ್ಕಳೊಳಗ ಯಾರ ಕಣ್ಣು ಅಕಿ ಹಂಗ? ಅವರ್ನ ಕರಕೊಂಡು ಬರ್ರಿ." ಆ ಮಗನೋ ಮೊಮ್ಮಗಳೋ ಬಂದು ಕಿಟಕಿಯ ಬಳಿ ಕೂರಬೇಕು, ಆ ಕಣ್ಣನ್ನು ನೋಡಿ ಸತ್ತವರ ಕಣ್ಣು ತೆಗೆಯಬೇಕು. ಅಬ್ಬಿಗೇರಿಯ ಗೌಡರು ತೀರಿಕೊಂಡಾಗ ಅವರ ಮಕ್ಕಳೆಲ್ಲ ನನ್ನದೇ ಅಪ್ಪನ ಕಣ್ಣು, ನನ್ನದೇ ಎಂದು ಜಗಳವಾಡಿದ್ದರಲ್ಲ. ಕಡೆಗೆ ಅವರ ಹಿರಿಯ ಸೊಸೆ ಬಾಗಿಲಲ್ಲಿ ನಿಂತು, "ಮಾವ್ನಾರ ಕಣ್ಣು ಇವರ್ಯಾರಿಗೂ ಬಂದಿಲ್ರಿ. ಜಾತಿ ಬಿಟ್ಟು ಲಗ್ನ ಆದ್ಲಂತ ಹೊರಗ ಹಾಕ್ಯಾರಲ್ರಿ, ಆ ಮಗಳಿಗೆ ಬಂದಾವು" ಎಂದಳು. ಗದಗದಿಂದ ಆ ಮಗಳನ್ನು ಕರೆಸದೆ ಬೇರೆ ದಾರಿಯೇ ಇರಲಿಲ್ಲ. ಅಣ್ಣತಮ್ಮಂದಿರು ಮುಖ ಗಂಟಿಕ್ಕಿಕೊಂಡು ನಿಂತಿರುವಾಗ ಅವಳು ಕಿಟಕಿಯ ಬಳಿ ಕೂತಿದ್ದಳು. ಅವಳ ಮುಖದ ಹತ್ತಿರ ಮುಖ ತಂದು ನೋಡಿದವಳು ನಾನು, ಬರೆದವಳು ನಾನು. ಹೊರಗೆ ಬಂದು "ಮಾಸ್ತರು ಕಣ್ಣು ತಗದ್ರಂದ್ರ ಮುಗೀತು, ಜೀವ ಬಂದಂಗ" ಎಂದು ಜನ ನಿನ್ನನ್ನು ಹೊಗಳುವಾಗ ಶಾಲು ಸರಿಮಾಡಿಕೊಂಡವನು ನೀನು.

ಬಿ.ಎ. ಎರಡನೆಯ ವರ್ಷದಲ್ಲಿ ಒಂದು ಸಲ, ಒಂದೇ ಸಲ, ನಾನು ಕೇಳಿದ್ದೆ. ಸವಡಿಯಲ್ಲಿ ನನ್ನ ಗೆಳತಿಯ ಮದುವೆ, ಕ್ಯಾಮೆರಾ ನನಗೆ ಕೊಡು, ನಾನು ತೆಗೆಯುತ್ತೇನೆ ಎಂದು. ನೀನು ಚಹದ ಬಟ್ಟಲು ಕೆಳಗಿಡದೆ ಅಂದೆ: "ಹೆಣ್ಮಗಳು ಕೊಳ್ಳಾಗ ಕ್ಯಾಮೆರಾ ಹಾಕ್ಕೊಂಡು ನಿಂತ್ರ ಮಂದಿ ಫೋಟೋಕ್ಕ ನಿಂದರ್ತಾರೋ, ಅಕಿನ್ನ ನೋಡಾಕ ನಿಂದರ್ತಾರೋ? ನಾ ಅದನ್ನ ಕಣ್ಣಿಲೆ ನೋಡಾಂವಲ್ಲ." ಆಮೇಲೆ ವೀರೇಶನನ್ನು ಕಳಿಸಿದೆ. ಅವನು ನರಗುಂದದಿಂದ ಆಗಷ್ಟೇ ನಿನ್ನ ಕೈಕೆಳಗೆ ಬಂದವನು. ಮದುಮಗನ ರುಮಾಲು ಅರ್ಧ ಕತ್ತರಿಸಿ, ಪುರೋಹಿತರ ಬೆನ್ನನ್ನು ಮಾತ್ರ ಸ್ಪಷ್ಟವಾಗಿ ತೆಗೆದುಕೊಂಡು ಬಂದ. "ಕಲೀತಾನ ಬಿಡ" ಎಂದೆ. ಕಲಿತ, ನಿಜ. ಅವನನ್ನೇ ನನಗೆ ಮದುವೆ ಮಾಡಿದೆ. ಅವನು ಕೆಟ್ಟವನಲ್ಲ, ಅಪ್ಪಾ. ಕುಡಿಯುವುದಿಲ್ಲ, ಬೈಯುವುದಿಲ್ಲ, ಕೂಸಿನ ಬಟ್ಟೆಯನ್ನು ತಾನೇ ಒಗೆದು ಹಾಕುತ್ತಾನೆ. ಆದರೆ ಫೋಟೋದ ವಿಷಯದಲ್ಲಿ ಅವನಿಗೆ ನಾಚಿಕೆ ಎಂಬುದೇ ಇಲ್ಲ.

ಕಂಪ್ಯೂಟರ್ ಬಂದ ದಿನ ಅವನು ಅದಕ್ಕೆ ಕುಂಕುಮ ಹಚ್ಚಿ ಕಾಯಿ ಒಡೆದ. ಆವತ್ತಿನಿಂದ ರೋಣದ ಸುತ್ತಲಿನ ಮದುಮಕ್ಕಳೆಲ್ಲ ವಿದೇಶಕ್ಕೆ ಹೊರಟುಹೋದರು. ಎರೆಹೊಲದಲ್ಲಿ ಕಳೆ ತೆಗೆದು ಬೆಳೆದ ಹುಡುಗಿಯ ಹಿಂದೆ ಹಿಮದ ಬೆಟ್ಟ. ಅವಳು ಇಳಕಲ್ಲ ಸೀರೆ ಉಟ್ಟು, ಒಂದು ಶಾಲೂ ಇಲ್ಲದೆ ನಿಂತಿದ್ದಾಳೆ. ಮದುಮಗ ಗುಲಾಬಿ ಹೂವಿನೊಳಗಿಂದ ಹುಳುವಿನಂತೆ ಇಣುಕುತ್ತಾನೆ. ಅತ್ತೆ ಮಾವಂದಿರು ಒಂದು ಹೃದಯದ ಆಕಾರದೊಳಗೆ ಇರುಕಿಕೊಂಡು ಕೂತಿದ್ದಾರೆ. ಅವ್ವ ಒಂದು ಆಲ್ಬಮ್ ನೋಡಿ, "ಹೊಳೆಆಲೂರಾಗ ನೆರಿ ಬಂದಾಗ ಇವರ್ನ ಈ ಗುಡ್ಡದ ಮ್ಯಾಲೆ ಹತ್ತಿಸಿದ್ರ ಆಗ್ತಿತ್ತಲ್ಲೋ ವೀರೇಶ" ಎಂದಳು. ಅವನಿಗೆ ಬೇಸರವೇ ಇಲ್ಲ. "ಮಂದಿ ಇದನ್ನ ಕೇಳ್ತಾರ ಅತ್ತಿ" ಎಂದ. ಕೇಳುತ್ತಾರೆ, ಅದೇ ಕರ್ಮ. ಕರೆಂಟು ಹೋಗಿ ಕಂಪ್ಯೂಟರಿನ ಕೆಳಗಿನ ಪೆಟ್ಟಿಗೆ ಕುಂಯ್ಗುಡಲು ಶುರುವಾದಾಗ ಮಾತ್ರ ಆ ಬೆಟ್ಟಗಳೆಲ್ಲ ಒಮ್ಮೆಗೇ ಕರಗುತ್ತವೆ. ಆಗ ನನಗೆ ಒಳಗೊಳಗೇ ಖುಷಿ.

ನೀನು ಹೋದ ದಿನ ನನ್ನನ್ನು ನಿನ್ನ ಹತ್ತಿರ ಬಿಡಲಿಲ್ಲ. ಅತ್ತೆ, ಅಂದರೆ ನಿನ್ನ ತಂಗಿ, ನರಗುಂದದಿಂದ ಬಂದು ಇಳಿದವಳೇ ಬಾಗಿಲಿಗೆ ಅಡ್ಡ ನಿಂತಳು. "ಬಸರಿ ಹೆಣ್ಮಗಳು ಹೆಣದ ಮಾರಿ ನೋಡಬಾರ್ದು. ಒಳಗ ಹೋಗು." ಪಡಸಾಲೆಯಲ್ಲಿ ನಿನ್ನನ್ನು ಕೂಡಿಸಿದ್ದರು, ಭಜನೆಯ ದನಿ ಗೋಡೆಯಾಚೆಯಿಂದ ಬರುತ್ತಿತ್ತು. ನಾನು ಕತ್ತಲೆಕೋಣೆಯಲ್ಲಿ ಕೂತಿದ್ದೆ, ನನ್ನ ಪಾಲಿನಲ್ಲಿ. ವೀರೇಶ ಡಿಜಿಟಲ್‌ನಲ್ಲೇ ನಿನ್ನ ಫೋಟೋ ತೆಗೆದ. ಆಮೇಲೆ ಕಣ್ಣು ತೆಗೆಯುವ ಮಾತು ಬಂದಾಗ ಮತ್ತೆ ಅತ್ತೆಯೇ: "ಹೊಟ್ಟ್ಯಾಗ ಕೂಸು ಇಟಗೊಂಡು ಸತ್ತವರ ಕಣ್ಣು ಮುಟ್ಟತೀಯೇನ? ಬ್ಯಾಡ. ಹಂಗ ಇರಲಿ." ಹಾಗೇ ಇತ್ತು. ಊರಿನವರ ಅಪ್ಪಂದಿರಿಗೆಲ್ಲ ಕಣ್ಣು ಕೊಟ್ಟ ಮನೆಯಲ್ಲಿ ನೀನು ಮಾತ್ರ ಕಣ್ಣು ಮುಚ್ಚಿಕೊಂಡು ಗೋಡೆ ಹತ್ತಿದೆ. ಬಂದವರು ಕೇಳುತ್ತಿದ್ದರು, ಇದೇನು ಹೀಗೆ ಎಂದು. ನನಗೂ ಸಿಟ್ಟಿತ್ತು. ಮುಚ್ಚಿಕೊಂಡೇ ಇರಲಿ ಎಂದುಕೊಂಡೆ.

ಕೂಸನ್ನು ಮೊದಲ ಸಲ ಮಲಗಿಸಿದ ಕೋಣೆ ಯಾವುದು ಗೊತ್ತೇ? ನನ್ನ ಪಾಲಿನದೇ. ಮನೆಯಲ್ಲಿ ತಂಪಾದದ್ದು, ಬೆಳಕು ಬಾರದ್ದು ಅದೊಂದೇ. ಎನ್‌ಲಾರ್ಜರನ್ನು ಮೂಲೆಗೆ ತಳ್ಳಿ ತೊಟ್ಟಿಲು ಕಟ್ಟಿದರು. ಫಿಲ್ಮು ತೊಳೆಯುವ ಮದ್ದಿನ ವಾಸನೆ ಹೋಗಲೆಂದು ಅವ್ವ ಲೋಬಾನ ಹಾಕಿದಳು. ಕೂಸು ಮಲಗಿತು, ನಾನು ಎದ್ದು ಕೂತೆ. ಅಪ್ಪಾ, ಮಲಗಿದ ಮಕ್ಕಳ ಕಣ್ಣು ನೋಡಿ ಬೇರೆ ತಾಯಂದಿರಿಗೆ ಏನೆನ್ನಿಸುತ್ತದೋ ಗೊತ್ತಿಲ್ಲ. ಮುಚ್ಚಿದ ಕಣ್ಣುಗಳನ್ನು ನೀನು ನನಗೆ ಯಾವ ಯಾವ ಮುಖಗಳ ಮೇಲೆ ತೋರಿಸಿದೆ ಎಂದು ಯೋಚಿಸು. ರೆಪ್ಪೆ ಕೂಡಿದ ಆ ಗೆರೆ ನನಗೆ ಚೆನ್ನಾಗಿ ಪರಿಚಯ. ಅದನ್ನು ನನ್ನ ಕೂಸಿನ ಮುಖದಲ್ಲಿ ನೋಡುತ್ತ ಕೂರಲು ನನ್ನಿಂದ ಆಗುತ್ತಿರಲಿಲ್ಲ. ಮೂಗಿನ ಹತ್ತಿರ ಬೆರಳಿಡುತ್ತಿದ್ದೆ. ಎದೆ ಏಳುತ್ತದೆಯೇ ನೋಡುತ್ತಿದ್ದೆ. ಸಾಲದೆ ಮೆಲ್ಲಗೆ ರೆಪ್ಪೆ ಎತ್ತುತ್ತಿದ್ದೆ, ಕೂಸು ಚೀರುತ್ತಿತ್ತು, ಅವ್ವ ಬೈಯುತ್ತಿದ್ದಳು. "ನಿನಗ ಹುಚ್ಚು ಹಿಡದೈತೇನ? ಮಲಗಿದ ಕೂಸಿನ ಎಬ್ಬಿಸಿ ಅಳಸ್ತಿ?" ಓದಿದವಳು ನಾನು, ಪದವಿಯ ಹಾಳೆ ಕಟ್ಟುಹಾಕಿಸಿ ಇಟ್ಟಿದ್ದೇನೆ. ಆದರೆ ಓದಿಗೂ ಇದಕ್ಕೂ ಏನು...

ಆಮೇಲೆ ಇನ್ನೊಂದು ಶುರುವಾಯಿತು. ಮಲಗಿದಾಗ ಕೂಸಿನ ಎಡಗಣ್ಣು ಪೂರ್ತಿ ಮುಚ್ಚುವುದಿಲ್ಲ. ಅರ್ಧ ತೆರೆದೇ ಇರುತ್ತದೆ, ಕೆಳಗೆ ಬಿಳಿ ಕಾಣುತ್ತದೆ. ರೋಣದ ದವಾಖಾನೆಗೆ ಓಡಿದೆ, ಅವ್ವ ಹಿಂದೆಯೇ ಬಂದಳು. ಡಾಕ್ಟರು ಬ್ಯಾಟರಿ ಬಿಟ್ಟು ನೋಡಿ, ಏನೂ ಇಲ್ಲ ಎಂದು ಕೇಳಿದರು: "ಮನ್ಯಾಗ ಯಾರರ ಹಿಂಗ ಮಲಗ್ತಿದ್ರೇನು?" ನಾನು ಇಲ್ಲ ಎನ್ನುವಷ್ಟರಲ್ಲಿ ಅವ್ವ ನಗತೊಡಗಿದಳು. ನೀನು ಹೋದ ಮೇಲೆ ಅವಳು ನಕ್ಕದ್ದು ಅದೇ ಮೊದಲು. "ಅಯ್ಯ ಶಿವನ, ಇವರಪ್ಪ್ರೀ! ಲಗ್ನ ಆದ ಹೊಸತಾಗ ನಾ ಹೆದರಿ ಸತ್ತಿದ್ನಿ. ಗೊರಕಿ ಹೊಡಿತಾರ, ಎಡಗಣ್ಣು ನನ್ನ ನೋಡತೈತಿ! ಕಾವಲಿಗೆ ಒಂದು ಕಣ್ಣು ಇಟ್ಟು ಮಲಗಾಂವ ಅಂತ ನಮ್ಮತ್ತಿ ಹೇಳ್ತಿದ್ರು." ನನಗೆ ಆಗ ನೆನಪಾಯಿತು. ಚಿಕ್ಕವಳಿದ್ದಾಗ ನೀನು ಮಲಗಿದಾಗ ಡಬ್ಬಿಯಿಂದ ಬೆಲ್ಲ ಕದಿಯಲು ನಾನು ಯಾವಾಗಲೂ ನಿನ್ನ ಬಲಗಡೆಯಿಂದ ಹೋಗುತ್ತಿದ್ದೆ.

ಸವಡಿಯ ಶರಣಪ್ಪ ಬಂದದ್ದು ಇದಾದ ಮೇಲೆ. ಒಕ್ಕಲುತನದವನು, ನನಗಿಂತ ವಯಸ್ಸಿನಲ್ಲಿ ದೊಡ್ಡವನು. ಅವನ ತಾಯಿ ತೀರಿಕೊಂಡಾಗ ವೀರೇಶ ಹೋಗಿ ಫೋಟೋ ತೆಗೆದು, ಕಂಪ್ಯೂಟರಿನಲ್ಲಿ ಕಣ್ಣು ತೆಗೆದು, ದೊಡ್ಡದು ಮಾಡಿ ಕೊಟ್ಟಿದ್ದ. ನಾನಾಗ ಬಾಣಂತಿ, ನೋಡಿರಲಿಲ್ಲ. ಶರಣಪ್ಪ ಮಗಳ ಶಾಲೆಗೆ ಬೇಕಾದ ಸಣ್ಣ ಫೋಟೋ ಒಯ್ಯಲು ಬಂದಿದ್ದ, ನಾನು ಗಲ್ಲಾಪೆಟ್ಟಿಗೆಯ ಬಳಿ ಇದ್ದೆ. ತಗೊಂಡವನು ಹೋಗಲಿಲ್ಲ. ನನ್ನನ್ನೇ ನೋಡುತ್ತ ನಿಂತ. ಎಂಥ ಮನುಷ್ಯ ಇವನು ಎಂದು ನಾನು ಸೆರಗು ಎಳೆದುಕೊಂಡೆ. "ತಪ್ಪು ತಿಳ್ಕೋಬ್ಯಾಡ್ರಿ ಅಕ್ಕಾರ" ಎಂದ. "ನೀವು ನೋಡಿದ್ರ ನಮ್ಮವ್ವ ನೋಡಿದಂಗ ಆಗತೈತ್ರಿ. ದಿನಾ ದೀಪಾ ಹಚ್ಚುವಾಗ ನಮ್ಮವ್ವ ಗ್ವಾಡಿ ಮ್ಯಾಗಿಂದ ಹಿಂಗ ನೋಡ್ತಾಳ, ಹಿಂಗ... ಖರೇ ಅಂದ್ರ ಇದ್ದಾಗ ಹಿಂಗ ನೋಡಿದ್ದು ನೆನಪಿಲ್ರಿ."

ನನಗೆ ತಕ್ಷಣ ತಿಳಿಯಲಿಲ್ಲ. ತಿಳಿದ ಮೇಲೆ ಒಳಗೆ ಹೋಗಿ ವೀರೇಶನಿಗೆ ಆ ಫೋಟೋ ತೆಗೆ ಎಂದೆ. ತೆಗೆದ. ಬಿಳಿ ಕೂದಲು, ಸುಕ್ಕುಬಿದ್ದ ಕೆನ್ನೆ, ದೊಡ್ಡ ಮೂಗುತಿ, ಆ ಮುಖದಲ್ಲಿ ನನ್ನ ಕಣ್ಣು. ನನ್ನ ಮದುವೆಯ ಫೋಟೋದಿಂದ ಕತ್ತರಿಸಿ ಹಚ್ಚಿದ್ದ. ಕಾಡಿಗೆ ಸಮೇತ! "ಅಲ್ಲ, ಕಂಪ್ಯೂಟರಿನ್ಯಾಗ ಚಲೋ ಕಣ್ಣು ಅಂದ್ರ ನಿಂದ ಇತ್ತು" ಎಂದ, ಹೊಗಳಿಕೆ ಎಂಬಂತೆ. "ಗೊತ್ತಾಗಿಲ್ಲಲ್ಲ ಅವರಿಗೆ? ಖುಷಿ ಆಗ್ಯಾರ."

"ನನ್ನ ಕಣ್ಣಿಗೆ ಹಾರಾ ಹಾಕ್ಸಿ, ಮುಂದ ದೀಪಾ ಹಚ್ಚಿಸೀದಿ. ಹಾಲು ಕುಡಿಯೋ ಕೂಸು ಐತಿ ನನಗ" ಎಂದೆ.

"ಅಪಶಕುನ ಅಂತೀಯೇನು? ಓದಿದಾಕಿ ಆಗಿ..."

"ಓದಿದಾಕಿನ. ಓದಿದ್ದಕ್ಕ ಇಷ್ಟರಾಗ ಬಿಟ್ಟೀನಿ. ಹೋಗಿ ಆ ಫೋಟೋ ತಗೊಂಡು ಬಾ. ಶರಣಪ್ಪನ್ನೂ ಕರಕೊಂಡು ಬಾ."

ಅವನು ಬೈಕು ಹತ್ತಿ ಹೋದ. ಅಪ್ಪಾ, ಸುಳ್ಳು ಹೇಳುವುದಿಲ್ಲ, ಅಪಶಕುನಕ್ಕಿಂತ ಹೆಚ್ಚು ನನ್ನನ್ನು ಕುದಿಸಿದ್ದು ಬೇರೆ. ಯಾರದೋ ತಾಯಿಯನ್ನು ನನ್ನ ಗಂಡ ಅಳಿಸಿಹಾಕಿದ್ದ, ಆ ಮಗ ಕೈಮುಗಿದು ಒಪ್ಪಿಕೊಂಡು ಹೋಗಿದ್ದ. ದಿನವೂ ಅವಳ ಮುಂದೆ ನಿಂತು, ನಮ್ಮವ್ವ ಹೀಗೆ ನೋಡುತ್ತಿದ್ದಳೇ ಎಂದು ತನ್ನ ನೆನಪನ್ನೇ ಅನುಮಾನಿಸುತ್ತಿದ್ದ. ಇಷ್ಟು ಹಗುರವಾಗಿ ಹೋಯಿತೇ ಒಬ್ಬರ ಕಣ್ಣು?

ಶರಣಪ್ಪನಿಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. ಅವನು ಬೈಯಲಿಲ್ಲ, ಟೊಪ್ಪಿಗೆ ತೆಗೆದು ಮೊಣಕಾಲ ಮೇಲಿಟ್ಟುಕೊಂಡ. ನಾನು ನಿನ್ನ ಪ್ರಶ್ನೆ ಕೇಳಿದೆ, ನಿನ್ನ ಮಾತಿನಲ್ಲೇ. ಅವ್ವನ ಕಣ್ಣು ತನಗೇ ಬಂದಿದೆ, ಊರೆಲ್ಲ ಹಾಗೇ ಅನ್ನುತ್ತದೆ ಎಂದ. ಕಿಟಕಿಯ ಬಳಿ ಕೂಡಿಸಿದೆ. "ಇದನ್ನ ಒಂದು ಫೋಟೋ ಹೊಡದು ಹಚ್ಚಿಬಿಡ್ತೀನಿ" ಎಂದು ವೀರೇಶ ಕ್ಯಾಮೆರಾ ಎತ್ತಿಕೊಂಡ. ಕೆಳಗಿಡು ಎಂದೆ. ಕುರ್ಚಿಯಿಂದ ಎಬ್ಬಿಸಿ ನಾನೇ ಕೂತೆ. ಮೌಸು ಎನ್ನುವುದು ಪೆನ್ಸಿಲಿನಂತೆ ಕೈಗೆ ಬಗ್ಗುವುದಿಲ್ಲ, ಸೋಪಿನ ತುಂಡು ಹಿಡಿದು ರಂಗೋಲಿ ಹಾಕಿದ ಹಾಗೆ. ಆದರೆ ಒಂದು ಅನುಕೂಲ, ಇಲ್ಲಿ ತಿರುವುಮುರುವು ಇಲ್ಲ. ಕಪ್ಪು ಕಪ್ಪೇ, ಬಿಳಿ ಬಿಳಿಯೇ. ಕೆಟ್ಟರೆ ಅಳಿಸಬಹುದು. ಶರಣಪ್ಪನ ಕಣ್ಣು ನೋಡುತ್ತ, ಅದಕ್ಕೆ ಮುದುಕಿಯ ವಯಸ್ಸು ಹಾಕುತ್ತ, ನಡುವೆ ಎದ್ದು ಕೂಸಿಗೆ ಹಾಲು ಕುಡಿಸಿ ಬಂದು, ಮತ್ತೆ ಕೂತು ತೆಗೆದೆ. ಅವನ ಮುಂದೆ ತಿರುಗಿಸಿ ಇಟ್ಟಾಗ ಅವನು ಎದ್ದು ಹತ್ತಿರ ಬಂದು ನೋಡಿದ. ಆಮೇಲೆ ನಕ್ಕ. "ಹಾಂ, ಈಗ ನೋಡ್ರಿ. ಈಗ ಬೈಯಾಕ ಬಾಯಿ ತಗಿಯೂ ಹಂಗ ಅದಾಳ. ಇಕಿ ನಮ್ಮವ್ವ."

ವೀರೇಶ ಹಿಂದೆ ನಿಂತಿದ್ದ. "ನೀ ಮೊದಲ ಹೇಳಬೇಕಿಲ್ಲ, ನಿನಗ ಇದೂ ಬರತೈತಿ ಅಂತ" ಎಂದ. ಅವನಾಗಲಿ ನೀನಾಗಲಿ ಯಾವತ್ತಾದರೂ ಕೇಳಿದಿರಾ?

ಹುಬ್ಬಳ್ಳಿಯವನು ಮತ್ತೆ ಬಂದದ್ದು ಮೊನ್ನೆ. ಈ ನಡುವೆ ಬಂಧುಗಳೆಲ್ಲ ಬುದ್ಧಿ ಹೇಳಿ ಹೋಗಿದ್ದರು. ಅತ್ತೆ ನರಗುಂದದಿಂದ ಫೋನು ಮಾಡಿ, "ನಮ್ಮಣ್ಣನ ಜೀವಾ ಅದರಾಗ ಐತಿ, ಮಾರಬ್ಯಾಡ್ರಿ" ಎಂದು ಅತ್ತಳು. ಹಾಗಾದರೆ ನಿಮ್ಮ ಪಡಸಾಲೆಯಲ್ಲಿ ಇಟ್ಟುಕೊಳ್ಳಿ, ಕಳಿಸುತ್ತೇನೆ ಎಂದೆ. ಫೋನು ತಾನಾಗಿ ಕಟ್ಟಾಯಿತು. ನಾನೂ ಆ ಮರದ ಡಬ್ಬಿಯನ್ನು ಕೆಳಗಿಳಿಸಿ, ಧೂಳು ಒರೆಸಿ, ಎಷ್ಟೋ ಹೊತ್ತು ಎದುರು ಕೂತಿದ್ದೆ. ಏನಾದರೂ ಅನ್ನಿಸಬೇಕಲ್ಲ ಎಂದು ಕಾದೆ. ಅಪ್ಪಾ, ಅದರ ಕಪ್ಪು ಬಟ್ಟೆಯೊಳಗೆ ತಲೆ ಹಾಕಿ ಲೋಕ ಹೇಗೆ ಕಾಣುತ್ತದೆಂದು ನಾನು ನೋಡಿದ್ದು ಆವತ್ತೇ ಮೊದಲು. ತಲೆಕೆಳಗಾಗಿ ಕಾಣುತ್ತದೆ. ಅಷ್ಟೇ? ಇದಕ್ಕೇ ಇಷ್ಟು ದಿನ ಬಿಡಲಿಲ್ಲವೇ ನೀನು? ಕಳೆದುಕೊಳ್ಳಲು ಅದು ನನ್ನದಾಗಿದ್ದರೆ ತಾನೇ.

"ಒಯ್ಯಿರಿ" ಎಂದೆ ಅವನಿಗೆ. "ಕತ್ತಲಿಕೋಣಿ ಸಾಮಾನೂ ಒಯ್ಯಿರಿ."

ವೀರೇಶನಿಗೆ ನಂಬಿಕೆಯಾಗಲಿಲ್ಲ. ಅವನ ಕಡೆ ತಿರುಗಿ ಹೇಳಿದೆ, ಬಂದವನ ಎದುರೇ: "ಒಂದು ಮಾತು. ಬರೂ ಎರಡನೇ ಕ್ಯಾಮೆರಾ ನನ್ನ ಕೊಳ್ಳಾಗ. ಮಂಜೂರಾದ್ರ ಹೂಂ, ಇಲ್ಲಂದ್ರ ಇವೆಲ್ಲಾ ಇಲ್ಲೇ ಗೆದ್ದಲ ತಿನ್ಲಿ."

"ಮಾವ ಏನಂತಿದ್ರೋ..." ಎಂದ.

"ಮಾವ ಕಣ್ಣು ಮುಚ್ಚಿಕೊಂಡಾರ" ಎಂದಳು ಅವ್ವ, ಜೋಳದ ಮೊರದಿಂದ ತಲೆ ಎತ್ತದೆ. "ಹೂಂ ಅನ್ನೋ ಲಗೂನ."

ಅಂದ. ಹುಬ್ಬಳ್ಳಿಯವನು ಎಲ್ಲವನ್ನೂ ಗಾಡಿಗೆ ಹೇರಿಸಿದ. ಕೆಂಪು ಬಲ್ಬನ್ನು ಎದೆಗವಚಿಕೊಂಡು ಒಯ್ದ, ಅದು ಅವನ ಹೋಟೆಲಿನ ಬಾರ್ ಮೂಲೆಗೆ ಬೇಕಂತೆ. ಕಣ್ಣು ತೆಗೆಯುವ ಇಳಿಜಾರು ಹಲಗೆ, ಅದರ ಪೆನ್ಸಿಲು, ಚಾಕು ಅಲ್ಲೇ ಇದ್ದವು. ಕಾಲಿನಿಂದ ಅತ್ತ ಸರಿಸಿ, "ಇದು ಬ್ಯಾಡ್ರಿ, ಸಾಲಿ ಹುಡುಗ್ರ ಪಾಟಿ ಇದ್ದಂಗೈತಿ, ಯಾರಿಗೂ ತಿಳಿಯಂಗಿಲ್ಲ" ಎಂದ. ಅವನ ಮೇಲೆ ನನಗೆ ಹೇಸಿಗೆ ಇನ್ನೂ ಹೆಚ್ಚಾಗಬೇಕಿತ್ತು. ಬೇಗ ಹೊರಟುಹೋಗಲಿ ಎಂದಷ್ಟೇ ಅನ್ನಿಸಿತು. ತೊಟ್ಟಿಲ ಪಕ್ಕ ಈಗ ಜಾಗ ಆಗಿದೆ. ನಿನ್ನೆ ಅಲ್ಲೇ ಚಾಪೆ ಹಾಸಿಕೊಂಡು ಮಲಗಿದೆ. ಸ್ವಲ್ಪ ನಿದ್ದೆಯೂ ಹತ್ತಿತು. ಕೂಸು ಒಂದು ಕಣ್ಣು ತೆರೆದು ಮಲಗುತ್ತದಲ್ಲ, ಕಾವಲು ಅದೇ ಕಾಯಲಿ.

ಇವತ್ತು ಬೆಳಿಗ್ಗೆ ನಿನ್ನ ಫೋಟೋ ತೆಗೆದುಕೊಂಡೆ. ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ಮೊದಲ ಸಲ ಸರಿಯಾಗಿ ನೋಡಿದೆ. ಆವತ್ತು ಯಾರೋ ಒತ್ತಿ ಮುಚ್ಚಿರಬೇಕು, ನಿನ್ನ ಎಡಗಣ್ಣು ಪೂರ್ತಿ ಮುಚ್ಚಿತ್ತು. ಅದು ನೀನಲ್ಲವೇ ಅಲ್ಲ. ಪದ್ಧತಿಯಂತೆ ಅವ್ವನನ್ನು ಕೇಳಿದೆ, ಮಕ್ಕಳೊಳಗೆ ಯಾರ ಕಣ್ಣು ಎಂದು. "ನಿಂದು ನನ್ನ ಕಣ್ಣು. ಅವರದು ಕೂಸಿಗೆ ಬಂದಾವಲ್ಲ" ಎಂದು ಅವಳೇ ಕೂಸನ್ನು ಎತ್ತಿಕೊಂಡು ಕಿಟಕಿಯ ಬಳಿ ಕೂತಳು. ಕೂಸು ಸುಮ್ಮನೆ ಕೂರುತ್ತದೆಯೇ? ಗಿಲಕಿ ಆಡಿಸಿ, ಹಾಡಿ, ನಡುವೆ ನನ್ನ ಸೀರೆ ಒದ್ದೆ ಮಾಡಿಸಿಕೊಂಡು, ಅಂತೂ ಎರಡೂ ಕಣ್ಣು ತೆಗೆದೆ. ಎಡದ್ದು ಬಲಕ್ಕಿಂತ ಒಂದು ಕೂದಲೆಳೆ ಸಣ್ಣದು. ವೀರೇಶ ಹಿಂದೆ ಹಿಮದ ಬೆಟ್ಟ ಇಡಲೇ ಎಂದು ಕೇಳಿದ. ನಾನು ತಿರುಗಿ ನೋಡಿದೆ, ಅವನು ಚಹ ತರಲು ಹೋದ. ಸಂಜೆ ಹೊತ್ತಿಗೆ ಪ್ರಿಂಟು ಬರುತ್ತದೆ. ಈಗಿರುವುದನ್ನು ಇಳಿಸಿ ಅದನ್ನು ತೂಗುಹಾಕುತ್ತೇನೆ.

ನೀನು ಕೇಳದೆ ಹೋದ ಸುದ್ದಿ ಒಂದಿದೆ. ನನಗೆ ಹುಟ್ಟಿದ್ದು ಹೆಣ್ಣು, ಅಪ್ಪಾ. ಹೊಟ್ಟೆಯಲ್ಲಿದ್ದಾಗ "ನಮ್ಮ ಸ್ಟುಡಿಯೋದ ವಾರಸುದಾರ ಬರತಾನ" ಎನ್ನುತ್ತಿದ್ದೆಯಲ್ಲ. ಇನ್ನು ಮುಂದೆ ನೀನು ನೋಡಬೇಕಾದ್ದು ಆ ಹುಡುಗಿಯ ಕಣ್ಣಿನಿಂದಲೇ.

ಬರುವ ಶುಕ್ರವಾರ ಗಜೇಂದ್ರಗಡದಲ್ಲಿ ಒಬ್ಬ ಬಟ್ಟೆ ವ್ಯಾಪಾರಿಯ ಮಗಳ ಮದುವೆ. ಮುಸಲ್ಮಾನರು, ಹೆಂಗಸರ ಕಡೆಗೆ ಹೆಣ್ಣುಮಗಳೇ ಫೋಟೋ ತೆಗೆಯಬೇಕೆಂದು ಮದುಮಗಳ ತಾಯಿ ಹುಡುಕುತ್ತಿದ್ದಳಂತೆ, ಒಪ್ಪಿಕೊಂಡಿದ್ದೇನೆ. ಕೂಸನ್ನು ಅವ್ವ ನೋಡಿಕೊಳ್ಳುತ್ತಾಳೆ. ಹೊರಡುವಾಗ ಕೊರಳಿಗೆ ಕ್ಯಾಮೆರಾ ಹಾಕಿಕೊಂಡು, ಹಿತ್ತಲ ಬಾಗಿಲಿನಿಂದಲ್ಲ, ಪಡಸಾಲೆಯಲ್ಲಿ ನಿನ್ನ ಮುಂದಿನಿಂದಲೇ ಹಾದುಹೋಗುತ್ತೇನೆ. ಕಣ್ಣಿಲೆ ನೋಡಾಂವಲ್ಲ ಅಂದಿದ್ದೆ. ಎರಡೂ ಕಣ್ಣು ತೆರೆದಿಟ್ಟಿದ್ದೇನೆ. ಮುಚ್ಚಿಕೊಳ್ಳಲು ಇನ್ನು ನಿನಗೆ ಬರುವುದಿಲ್ಲ.

ಗಿರಿಜಾ